ಗಂಡು ಮೀನು, ಹೆಣ್ಣು ಮೀನು

ಇಟಗಿಯ ಮಹಾದೇವ ಗುಡಿಯ ಪುಷ್ಕರಣಿಯ ಮೆಟ್ಟಿಲ ಮೇಲೆ ನೀವೂ ಕುಳಿತಿರಬಹುದು. ಗುಡಿಯನ್ನು 1112ರಲ್ಲಿ ಕಟ್ಟಿಸಿದವನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಆ ದೊರೆಯ ಮಗ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಗಾಳ ಹಾಕುವ ವಿನೋದವನ್ನೂ ಬರೆದಿಟ್ಟ. ಮೀನಿನ ಜಾತಿ, ಅದರ ತಿನಿಸು, ಎಲ್ಲಾ ಅದರಲ್ಲಿದೆ. ಹಿಡಿಯುವವನಿಗೆ ಗಂಡಾದರೇನು, ಹೆಣ್ಣಾದರೇನು? ಮರಿ ಮಾಡಿಸುವವನಿಗೆ ಹಾಗಲ್ಲ ನೋಡಿ.

ರೋಹು, ಕಾಟ್ಲಾ, ಮೃಗಾಲ್ ಮೀನುಗಳು ನಿಂತ ನೀರಿನಲ್ಲಿ ತಾವಾಗಿ ಮೊಟ್ಟೆ ಇಡವು. ಹಿಂದೆ ಮರಿಗಳನ್ನು ಹೊಳೆಯಿಂದಲೇ ಹಿಡಿದು ತರಬೇಕಿತ್ತು. ಬೇಡದ ಜಾತಿಗಳೂ ಬೆರೆತು ಬರುತ್ತಿದ್ದವು. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿಯವರು ಮೀನಿನ ಮಿದುಳಿನ ಕೆಳಗಿನ ಗ್ರಂಥಿಯ ರಸವನ್ನು ಚುಚ್ಚಿ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದರು. ಜೋಡಿ ಆರಿಸುವ ಕೆಲಸ ಆಗ ಬಂತು. ಜೋಡಿ ತಪ್ಪಿತೋ, ಆ ಮಳೆಗಾಲವೇ ಹೋಯಿತು.

ಮುಂಗಾರಿನಲ್ಲಿ ಬಲಿತ ಮೀನಿನ ಕಿವಿರಿನ ಹಿಂದಿರುವ ಈಜುರೆಕ್ಕೆಯನ್ನು ಬೆರಳಿನಿಂದ ಸವರಿ. ಗಂಡಿನದು ಒರಟು, ಹೆಣ್ಣಿನದು ನುಣುಪು. ಹೆಣ್ಣಿನ ಹೊಟ್ಟೆ ಉಬ್ಬಿ ಮೆತ್ತಗಿರುತ್ತದೆ, ದ್ವಾರ ಕೆಂಪಗೆ ಊದಿರುತ್ತದೆ. ಗಂಡಿನ ಹೊಟ್ಟೆಯನ್ನು ಮೆಲ್ಲಗೆ ಒತ್ತಿದರೆ ಹಾಲಿನಂಥ ರಸ ಬರುತ್ತದೆ. ಚಳಿಗಾಲದಲ್ಲಿ ಇದನ್ನೆಲ್ಲ ಹುಡುಕಬೇಡಿ. ಆಗ ಪಳಗಿದ ಕೈಯೂ ಏಮಾರುತ್ತದೆ.