ಇಂಗ್ಲಿಷ್ ನುಡಿಗಟ್ಟುಗಳ ಅರ್ಥ ಮತ್ತು ಬಳಕೆ

ನುಡಿಗಟ್ಟು ಎಂದರೆ, ಬಿಡಿ ಪದಗಳ ಅರ್ಥವನ್ನು ಕೂಡಿಸಿದರೆ ದೊರೆಯದ, ರೂಢಿಯಿಂದ ನೆಲೆಗೊಂಡ ಬೇರೊಂದು ಅರ್ಥವನ್ನು ಕೊಡುವ ಪದಸಮೂಹ. ಇದಕ್ಕೆ ಪಡೆನುಡಿ ಎಂಬ ಹೆಸರೂ ಇದೆ. ಗಾದೆಯು ತಾನೇ ಒಂದು ಪೂರ್ಣ ಹೇಳಿಕೆಯಾಗಿ ನಿಲ್ಲಬಲ್ಲದು. ನುಡಿಗಟ್ಟು ಸಾಮಾನ್ಯವಾಗಿ ವಾಕ್ಯದ ಒಂದು ಅಂಗವಾಗಿ ಬರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ತೀರ ಅಪರಿಚಿತವಾದ ಇಂಗ್ಲಿಷ್ ನುಡಿಗಟ್ಟುಗಳಿಗಿಂತ, ಕನ್ನಡದಲ್ಲಿಯೂ ಇವೆಯೆಂದು ತೋರುವವೇ ಹೆಚ್ಚು ತೊಡಕನ್ನು ಉಂಟುಮಾಡುತ್ತವೆ.

ಕನ್ನಡದೊಂದಿಗೆ ಹೋಲಿಕೆ

ಕೆಲವು ನುಡಿಗಟ್ಟುಗಳು ಎರಡೂ ಭಾಷೆಗಳಲ್ಲಿ ಹೆಚ್ಚು ಕಡಿಮೆ ಒಂದೇ ಆಗಿವೆ. ‘ಪೋಕ್ ಒನ್ಸ್ ನೋಸ್’ ಎಂಬುದು ‘ಮೂಗು ತೂರಿಸು’. ‘ಥ್ರೋ ಡಸ್ಟ್ ಇನ್ ಸಮ್‌ಒನ್ಸ್ ಐಸ್’ ಎಂಬುದು ‘ಕಣ್ಣಿಗೆ ಮಣ್ಣೆರಚು’. ಆದರೆ ‘ಗಿವ್ ಎ ಹ್ಯಾಂಡ್’ ಎಂದರೆ ನೆರವಾಗು. ಕನ್ನಡದಲ್ಲಿ ‘ಕೈ ಕೊಡು’ ಎಂದರೆ ನಂಬಿದವರನ್ನು ನಡುನೀರಿನಲ್ಲಿ ಬಿಡು. ‘ಅವನು ನನಗೆ ಕೈ ಕೊಟ್ಟ’ ಎಂಬುದನ್ನು ಪದಶಃ ಇಂಗ್ಲಿಷಿಗೆ ತಂದರೆ ವಂಚಕನು ಉಪಕಾರಿಯಾಗಿಬಿಡುತ್ತಾನೆ! ‘ಪುಲ್ ಸಮ್‌ಒನ್ಸ್ ಲೆಗ್’ ಎಂಬುದಕ್ಕೆ ತಮಾಷೆ ಮಾಡು ಎಂದರ್ಥ. ಕನ್ನಡದ ‘ಕಾಲೆಳೆ’ ಎಂಬುದಕ್ಕೆ ಈ ಅರ್ಥದ ಜೊತೆಗೆ, ಏಳಿಗೆಗೆ ಅಡ್ಡಿಪಡಿಸು ಎಂಬ ಅರ್ಥವೂ ಇರುವುದರಿಂದ ಸಂದರ್ಭವನ್ನು ನೋಡಿಯೇ ಅನುವಾದಿಸಬೇಕು.

ಚಿತ್ರ ಬೇರೆಯಾಗಿದ್ದು ಭಾವ ಒಂದೇ ಆಗಿರುವುದೂ ಉಂಟು. ‘ಎ ಡ್ರಾಪ್ ಇನ್ ದಿ ಓಷನ್’ ಎಂಬುದಕ್ಕೆ ‘ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ’ ಎಂಬ ಗಾದೆ ಚೆನ್ನಾಗಿ ಒಪ್ಪುತ್ತದೆ. ‘ಒನ್ಸ್ ಇನ್ ಎ ಬ್ಲೂ ಮೂನ್’ ಎಂದರೆ ಬಹಳ ಅಪರೂಪಕ್ಕೆ. ಒಂದೇ ತಿಂಗಳಲ್ಲಿ ಬರುವ ಎರಡನೆಯ ಹುಣ್ಣಿಮೆಗೆ ಈಗ ‘ಬ್ಲೂ ಮೂನ್’ ಎನ್ನುತ್ತಾರೆ. ಅದು ಸುಮಾರು ಎರಡೂವರೆ ವರ್ಷಕ್ಕೊಮ್ಮೆ ಬರುತ್ತದೆ. ಚಿತ್ರದುರ್ಗ ಜಿಲ್ಲೆಯ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಹತ್ತಿರದಲ್ಲಿಯೇ ಇದೆ: ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ.

ಬಳಕೆಯ ಔಚಿತ್ಯ

ಅರ್ಥ ತಿಳಿದ ಮಾತ್ರಕ್ಕೆ ಬಳಕೆ ತಿಳಿದಂತಾಗದು. ‘ಕಿಕ್ ದ ಬಕೆಟ್’ ಎಂಬುದಕ್ಕೆ ನಿಘಂಟುಗಳು ‘ಸಾಯು’ ಎಂಬ ಅರ್ಥವನ್ನು ಕೊಡುತ್ತವೆ. ಆದರೆ ಅದರ ಧಾಟಿ ಕನ್ನಡದ ‘ಗೊಟಕ್ ಎನ್ನು’ ಎಂಬುದರಂತೆ ಲಘುವಾದದ್ದು. ಅಜ್ಜನ ಮರಣದ ಕಾರಣಕ್ಕೆ ಬರೆಯುವ ರಜೆಯ ಅರ್ಜಿಯಲ್ಲಿ ಇದನ್ನು ಬಳಸಿದರೆ ಅಗೌರವವಾಗುತ್ತದೆ. ಅಲ್ಲಿ ‘ಪಾಸ್ ಅವೇ’ ಎನ್ನಬೇಕು. ಲಿಂಗಾಯತ ಹಿರಿಯರು ತೀರಿಕೊಂಡಾಗ ‘ಲಿಂಗೈಕ್ಯರಾದರು’ ಎನ್ನುವ ಮನೆಯವರು ‘ಗೊಟಕ್ ಎಂದರು’ ಎನ್ನುವರೇ? ಇದಲ್ಲದೆ, ಈ ನುಡಿಗಟ್ಟನ್ನು ಕರ್ಮಣಿ ಪ್ರಯೋಗಕ್ಕೆ ತಿರುಗಿಸಿದರೆ ವಿಶೇಷಾರ್ಥವು ಅಳಿದು, ಯಾರೋ ಬಕೆಟ್ಟನ್ನು ಒದ್ದರೆಂಬ ವಾಚ್ಯಾರ್ಥವಷ್ಟೇ ಉಳಿಯುತ್ತದೆ. ಧಾರಾಕಾರ ಮಳೆಯನ್ನು ಸೂಚಿಸುವ ‘ಕ್ಯಾಟ್ಸ್ ಆ್ಯಂಡ್ ಡಾಗ್ಸ್’ ವ್ಯಾಕರಣ ಪುಸ್ತಕಗಳಲ್ಲಿ ಇಂದಿಗೂ ಕಾಣುತ್ತದೆಯಾದರೂ ಈಗಿನ ಮಾತಿನಲ್ಲಿ ಹಳತೆನಿಸುತ್ತದೆ.

ಕನ್ನಡಕ್ಕೆ ಬಂದವು

‘ಬೆಳಕು ಚೆಲ್ಲು’, ‘ಪಾತ್ರ ವಹಿಸು’, ‘ಬಿಳಿಯಾನೆ’ ಮುಂತಾದವು ಇಂಗ್ಲಿಷಿನಿಂದ ಪದಶಃ ಅನುವಾದಗೊಂಡು ಕನ್ನಡದ ಬರವಣಿಗೆಯಲ್ಲಿ ಬೇರೂರಿವೆ. ಎಲ್ಲವೂ ಹೀಗೆ ಒಗ್ಗುವುದಿಲ್ಲ. ‘ಗೆಟ್ ಕೋಲ್ಡ್ ಫೀಟ್’ ಎಂಬುದನ್ನು ‘ಕಾಲು ತಣ್ಣಗಾಯಿತು’ ಎಂದು ತಂದರೆ ಓದುಗರಿಗೆ ಕೊನೆಯುಸಿರೆಳೆಯುತ್ತಿರುವ ರೋಗಿಯ ನೆನಪಾದೀತು. ಅಲ್ಲಿ ‘ಎದೆಗುಂದು’ ಎಂಬುದೇ ಸರಿಯಾದ ಪದ.