ಗಡಿಯೂರಿನ ಮನೆಗಣಕ: ಪರಿಷ್ಕರಣೆ, ದುರಸ್ತಿ ಮತ್ತು ಕನ್ನಡ ಅಕ್ಷರ

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿ ಅತ್ತಿಬೆಲೆ ದಾಟಿದೊಡನೆ ಎದುರಾಗುವ ಜೂಜುವಾಡಿಯು, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮದ್ರಾಸ್ ರಾಜ್ಯದಲ್ಲೇ ಉಳಿದ, ಕನ್ನಡ, ತೆಲುಗು, ತಮಿಳು ಮೂರೂ ಬೆರೆತ ಹೊಸೂರು ಸೀಮೆಯ ಹೆಬ್ಬಾಗಿಲು. ಇಂಥ ಸೀಮೆಯಲ್ಲಿ ಮನೆಯ ಕಂಪ್ಯೂಟರಿನ ಕಾರ್ಯಾಚರಣಾ ವ್ಯವಸ್ಥೆಯ, ಅಂದರೆ ಕೀಲಿಮಣೆ, ಪರದೆ, ಸ್ಮೃತಿಗಳನ್ನೆಲ್ಲ ನಡೆಸುವ ಮೂಲ ತಂತ್ರಾಂಶದ, ಅಪ್‌ಡೇಟ್‌ಗಳ ಚರಿತ್ರೆಯು ಯಂತ್ರದ ಚರಿತ್ರೆಯಷ್ಟೇ ಆಗಿರದೆ ಲಿಪಿಯ ಚರಿತ್ರೆಯೂ ಆಗಿದೆ.

ಕನ್ನಡವು ಮನೆಗಣಕಕ್ಕೆ ಮೊದಲು ಬಂದದ್ದು ಕಾರ್ಯಾಚರಣಾ ವ್ಯವಸ್ಥೆಯ ಮೂಲಕವಲ್ಲ, 1998ರಲ್ಲಿ ಶೇಷಾದ್ರಿವಾಸು ಹೊರತಂದ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯಂಥ ತಂತ್ರಾಂಶಗಳ ಮೂಲಕ. ಅವುಗಳ ಅಂದಿನ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಸ್ಥಾನಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸುತ್ತಿದ್ದುದರಿಂದ, ಯಂತ್ರದ ಲೆಕ್ಕದಲ್ಲಿ ಕನ್ನಡ ಕಡತವೂ ಇಂಗ್ಲಿಷ್ ಕಡತವೇ ಆಗಿತ್ತು. ಯಂತ್ರ ಕೆಟ್ಟಾಗ ಅಂದು ರೂಢಿಯಲ್ಲಿದ್ದ ಮದ್ದು ‘ಫಾರ್ಮ್ಯಾಟ್ ಮಾಡುವುದು’, ಅಂದರೆ ಡಿಸ್ಕನ್ನು ಬರಿದು ಮಾಡಿ ವಿಂಡೋಸ್ ಅನ್ನು ಹೊಸದಾಗಿ ಹಾಕುವುದು. ಹಾಗೆ ಮಾಡಿದ ಮೇಲೆ ಫಾಂಟ್ ಅನ್ನು ಮರಳಿ ಹಾಕದಿದ್ದರೆ, ಬೇರೆಡೆ ಕಾಪಿಟ್ಟ ಪತ್ರಗಳು ಸುರಕ್ಷಿತವಾಗಿದ್ದರೂ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ತೋರುತ್ತಿದ್ದವು.

ಪ್ರತಿ ಲಿಪಿಗೂ ಸ್ವಂತ ಸಂಕೇತಗಳನ್ನು ಕೊಡುವ ಯೂನಿಕೋಡ್ ಶಿಷ್ಟತೆಯಲ್ಲಿ ಕನ್ನಡವು 1991ರ ಮೊದಲ ಆವೃತ್ತಿಯಿಂದಲೇ ಇದ್ದರೂ, ಅದು ವಿಂಡೋಸ್‌ಗೆ ಇಳಿದು ಬರಲು ಒಂದು ದಶಕವೇ ಹಿಡಿಯಿತು. ವಿಂಡೋಸ್ 2000ದಲ್ಲಿ ದೇವನಾಗರಿ ಮತ್ತು ತಮಿಳು ಮಾತ್ರ ಸೇರಿದ್ದು, ಕನ್ನಡ, ತೆಲುಗುಗಳು ‘ತುಂಗಾ’, ‘ಗೌತಮಿ’ ಫಾಂಟ್‌ಗಳೊಡನೆ 2001ರ ಅಕ್ಟೋಬರ್‌ನಲ್ಲಿ ಬಂದ ಎಕ್ಸ್‌ಪಿವರೆಗೆ ಕಾಯಬೇಕಾಯಿತು. ಹೀಗಾಗಿ ಮೂರು ಭಾಷೆಗಳ ಈ ಗಡಿಯಲ್ಲಿ ಯಾವ ಭಾಷೆಯನ್ನು ನೆಟ್ಟಗೆ ಓದಬಹುದೆಂಬುದನ್ನು ವಿಂಡೋಸ್‌ನ ಆವೃತ್ತಿಯೇ ತೀರ್ಮಾನಿಸುತ್ತಿತ್ತು. ಎಕ್ಸ್‌ಪಿಯಲ್ಲೂ ಕನ್ನಡ ತಾನಾಗಿ ಜಾಗೃತವಾಗಿರಲಿಲ್ಲ: ಕಂಟ್ರೋಲ್ ಪ್ಯಾನೆಲ್‌ನ ಭಾಷಾ ವಿಭಾಗದಲ್ಲಿ ಸಂಕೀರ್ಣ ಲಿಪಿಗಳ ಚೌಕಕ್ಕೆ ಗುರುತು ಹಾಕಿ, ಮೂಲ ಸಿ.ಡಿ.ಯನ್ನು ತೂರಿಸಿ, ಯಂತ್ರವನ್ನು ಮತ್ತೆ ಚಾಲೂ ಮಾಡಿದ ಮೇಲಷ್ಟೇ ಒತ್ತಕ್ಷರಗಳು ತಮ್ಮ ಸ್ಥಾನದಲ್ಲಿ ಕೂರುತ್ತಿದ್ದವು.

ಅಪ್‌ಡೇಟ್ ಎಂಬುದು ಮನೆಯವರ ಚಿಂತೆಯಾಗಿ ಬೆಳೆದದ್ದು 2003ರ ಆಗಸ್ಟ್‌ನ ‘ಬ್ಲಾಸ್ಟರ್’ ಹುಳುವಿನಿಂದ, ಅಂದರೆ ಜಾಲದ ಮೂಲಕ ತಾನಾಗಿ ಹರಡುವ ಕುತಂತ್ರಾಂಶದಿಂದ. ಅದನ್ನು ತಡೆಯುವ ತೇಪೆ, ಅಂದರೆ ದೋಷವನ್ನು ಮುಚ್ಚುವ ಕಿರುತಂತ್ರಾಂಶ, ಜುಲೈನಲ್ಲೇ ಸಿದ್ಧವಾಗಿತ್ತು; ಆದರೆ ಅದನ್ನು ಹಾಕಿಕೊಳ್ಳದ ಯಂತ್ರಗಳು ಸೋಂಕು ತಗಲಿ 60 ಸೆಕೆಂಡುಗಳ ಎಣಿಕೆ ತೋರಿಸಿ ತಾವಾಗಿ ಮರುಚಾಲನೆಗೊಳ್ಳುತ್ತಿದ್ದುದರಿಂದ, ಮದ್ದನ್ನು ಇಳಿಸಿಕೊಳ್ಳುವುದಕ್ಕೂ ಬಿಡುವು ಸಿಗುತ್ತಿರಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಿಂದ ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೆಯ ಮಂಗಳವಾರ ತೇಪೆಗಳನ್ನು ಕೊಡುವ ಕ್ರಮವನ್ನು ಆರಂಭಿಸಿತು. ಮರುವರ್ಷ ಬಂದ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕ್‌ನ, ಅಂದರೆ ತೇಪೆಗಳ ದೊಡ್ಡ ಕಟ್ಟಿನ, ಪೂರ್ಣ ಕಡತ ಸುಮಾರು 266 ಮೆಗಾಬೈಟ್ ಇತ್ತು. ದೂರವಾಣಿ ತಂತಿಯ 56 ಕಿಲೋಬಿಟ್ ವೇಗದಲ್ಲಿ ಅದಕ್ಕೆ ಹತ್ತು ಗಂಟೆಗೂ ಹೆಚ್ಚು ಬೇಕಾಗುತ್ತಿದ್ದುದರಿಂದ ಸಿ.ಡಿ.ಯೇ ಹೆಚ್ಚು ಭರವಸೆಯ ದಾರಿಯಾಗಿತ್ತು.

2007ರ ವಿಸ್ಟಾದಿಂದ ಸಿ.ಡಿ. ತೂರಿಸದೆಯೇ ಕನ್ನಡ ಮೂಡಿತು. 2010ರಲ್ಲಿ ಅಂಗೀಕೃತವಾದ ರೂಪಾಯಿ ಚಿಹ್ನೆಯು ವಿಂಡೋಸ್ 7ಕ್ಕೆ ಅಪ್‌ಡೇಟ್ ಮೂಲಕವೇ ಬಂದಿತು. 2015ರ ವಿಂಡೋಸ್ 10ರಲ್ಲಿ ‘ನಿರ್ಮಲಾ’ ಮುಖ್ಯ ಫಾಂಟ್ ಆಗಿ, ತುಂಗಾ ಐಚ್ಛಿಕ ಭಾಗಕ್ಕೆ ಸರಿದದ್ದರಿಂದ, ಹಳೆಯ ಕಡತಗಳ ಅಕ್ಷರರೂಪ ಬದಲಾಗಿ ಕಂಡರೆ ಫಾರ್ಮ್ಯಾಟ್ ಬೇಕಿಲ್ಲ; ಸೆಟ್ಟಿಂಗ್ಸ್‌ನ ಐಚ್ಛಿಕ ಸೌಲಭ್ಯಗಳಲ್ಲಿ ಕನ್ನಡದ ಪೂರಕ ಫಾಂಟ್‌ಗಳನ್ನು ಸೇರಿಸಿದರೆ ಸಾಕು. ಅಪ್‌ಡೇಟ್ ಅರ್ಧಕ್ಕೆ ನಿಂತಾಗಲೂ ಡಿಸ್ಕಿನಲ್ಲಿ ಜಾಗ ತೆರವು ಮಾಡುವುದು, ಮರುಚಾಲನೆ, ದೋಷನಿವಾರಕದ ಓಟ, ಕೊನೆಗೆ ಆ ಅಪ್‌ಡೇಟನ್ನೇ ಕಿತ್ತುಹಾಕುವುದು ಎಂಬ ಮೆಟ್ಟಿಲುಗಳು ಇಂದು ಇವೆ.

ಎಲ್ಲವನ್ನೂ ಅಳಿಸಿ ಮೊದಲಿನಿಂದ ತೊಡಗುವ ದುರಸ್ತಿಯು ಕೆಟ್ಟ ಭಾಗವನ್ನಷ್ಟೇ ಗುರುತಿಸಿ ಸರಿಪಡಿಸುವ ದುರಸ್ತಿಯಾಗಿ ಬೆಳೆದದ್ದರಿಂದ ಮನೆಯ ಕಾಗದಪತ್ರಗಳಿಗೆ ಹೆಚ್ಚಿನ ಆಯುಸ್ಸು ದೊರೆತಿದೆ. ಆದರೆ ಹಳೆಯ ಸಂಕೇತಗಳಲ್ಲಿ ಉಳಿದ ಕನ್ನಡ ಬರಹವನ್ನು ಯಾವ ಅಪ್‌ಡೇಟೂ ತಾನಾಗಿ ಯೂನಿಕೋಡ್‌ಗೆ ತರುವುದಿಲ್ಲ. ಆ ಪರಿವರ್ತನೆಯನ್ನು, ಕಡತವೂ ಫಾಂಟೂ ಇನ್ನೂ ಕೈಯಲ್ಲಿರುವಾಗಲೇ, ಅದನ್ನು ಓದಬಲ್ಲವರೇ ಮಾಡಬೇಕು; ಕನ್ನಡವು ರಾಜ್ಯಭಾಷೆಯಲ್ಲದ ಗಡಿಯಾಚೆಯ ಮನೆಗಳಲ್ಲಿ ಆ ಕೆಲಸಕ್ಕೆ ಇನ್ನೂ ಹೆಚ್ಚಿನ ಬೆಲೆಯಿದೆ.