ಒದೆ, ಅರ್ಧಚಂದ್ರ, ಒಕ್ಕಲು

ಒಬ್ಬನನ್ನು ಹೊರಹಾಕುವುದಕ್ಕೆ ಇಂಗ್ಲಿಷಿನಲ್ಲಿ ‘ಕಿಕ್ ಔಟ್’ ಎನ್ನುತ್ತಾರೆ. ‘ಕಿಕ್’ ಎಂದರೆ ಒದೆ, ‘ಔಟ್’ ಎಂದರೆ ಹೊರಗೆ. ಆದರೆ ಈ ಮಾತು ಬಂದಲ್ಲೆಲ್ಲ ಕಾಲು ಎತ್ತಿರಬೇಕೆಂದೇನೂ ಇಲ್ಲ. ಬಾಡಿಗೆದಾರನನ್ನು ಮನೆಯಿಂದ, ವಿದ್ಯಾರ್ಥಿಯನ್ನು ಶಾಲೆಯಿಂದ, ಸದಸ್ಯನನ್ನು ಪಕ್ಷದಿಂದ ಹೊರಗಟ್ಟಿದಾಗಲೂ ಅದೇ ಮಾತು. ಒದೆ ಬೀಳದಿದ್ದರೂ ಒದೆಸಿಕೊಂಡ ಅವಮಾನ ಅದರಲ್ಲಿ ಉಳಿದಿರುತ್ತದೆ.

ಕನ್ನಡದಲ್ಲಿ ಈ ಕೆಲಸ ಹೆಚ್ಚಾಗಿ ಕೈಯದು. ಹೆಬ್ಬೆರಳನ್ನು ಉಳಿದ ಬೆರಳುಗಳಿಂದ ಅಗಲಿಸಿದರೆ ಅಂಗೈ ಅರ್ಧಚಂದ್ರನ ಆಕಾರ ತಾಳುತ್ತದೆ. ಕತ್ತಿಗೆ ಹಾಕಿ ದಬ್ಬಲು ಅನುಕೂಲ. ಸಂಸ್ಕೃತದಿಂದ ಬಂದ ‘ಅರ್ಧಚಂದ್ರ ಪ್ರಯೋಗ’ ಎಂಬ ನಗೆಮಾತಿನ ಅರ್ಥ ಇದೇ. ಆಡಳಿತದ ಮಾತು ‘ಗಡಿಪಾರು’. ಅಲ್ಲಿ ನಗೆಯಿಲ್ಲ, ಆಜ್ಞೆಯಿದೆ.

ಇವೆಲ್ಲಕ್ಕಿಂತ ಭಾರವಾದ ಪದ ‘ಒಕ್ಕಲೆಬ್ಬಿಸು’. ಒಕ್ಕಲು ಎಂದರೆ ವಾಸ, ಬೇಸಾಯಗಾರ, ಗೇಣಿದಾರ. ಹೊಸ ಮನೆಗೆ ಹೋಗುವುದನ್ನೂ ಒಕ್ಕಲಾಗುವುದು ಎನ್ನುತ್ತೇವೆ. ‘ಎಬ್ಬಿಸು’ ಮಾತ್ರ ಮಲಗಿದ ಮಗುವಿಗೂ ಬಳಸುವ ಮೃದುವಾದ ಕ್ರಿಯಾಪದ. ಎರಡೂ ಕೂಡಿದಾಗ ಮನೆ, ಹೊಲ, ಅನ್ನ ಮೂರೂ ಒಟ್ಟಿಗೆ ಹೋಗುತ್ತವೆ.

ಈ ಪದದ ಪೂರ್ಣ ಅರ್ಥ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಕಾಣಿಸಿತು. ಗೇಣಿ ಅಳೆಯುವ ಕೊಳಗ ನ್ಯಾಯವಾಗಿರಲಿ ಎಂದು ಕೇಳಿದ ಗೇಣಿದಾರರಿಗೆ ಉಳುವ ಗದ್ದೆಯೇ ತಪ್ಪಿತು. 1951ರ ಏಪ್ರಿಲ್‌ನಲ್ಲಿ ಅವರು ಅದೇ ಗದ್ದೆಗಳಿಗಿಳಿದು ಸತ್ಯಾಗ್ರಹ ಹೂಡಿ ಜೈಲು ಸೇರಿದರು. ಎಚ್. ಗಣಪತಿಯಪ್ಪ ಸಂಘಟಿಸಿದ ಈ ರೈತರ ಬೆನ್ನಿಗೆ ಶಾಂತವೇರಿ ಗೋಪಾಲಗೌಡ ಮತ್ತು ಸಮಾಜವಾದಿ ಪಕ್ಷ ನಿಂತವು. ರಾಮಮನೋಹರ ಲೋಹಿಯಾ ಸಹ ಬಂದು ಬಂಧನಕ್ಕೊಳಗಾದರು. ಎರಡು ದಶಕಗಳ ನಂತರ ದೇವರಾಜ ಅರಸು ಸರ್ಕಾರ ತಂದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿದಾರರು ಅರ್ಜಿ ಸಲ್ಲಿಸಿ ತಾವು ಉಳುವ ನೆಲದ ಒಡೆತನ ಪಡೆಯಲು ದಾರಿ ಮಾಡಿತು.

ಕಾನೂನು ಬದಲಾದರೂ ಹೊರಹಾಕುವ ಕೆಲಸ ನಿಂತಿಲ್ಲ. ಅದರ ಹೆಸರು ಬದಲಾಗಿದೆ. ಅಣೆಕಟ್ಟು, ರಸ್ತೆ, ಕೊಳೆಗೇರಿಗಳ ವಿಷಯ ಬಂದಾಗ ಕಚೇರಿಯ ಕಾಗದ ಬಳಸುವುದು ‘ತೆರವು’ ಎಂಬ ಪದವನ್ನು. ಒದೆ ಎಂದರೆ ಒದೆಸಿಕೊಂಡವನಿದ್ದಾನೆ. ಅರ್ಧಚಂದ್ರ ಎಂದರೆ ಕತ್ತಿದೆ. ಒಕ್ಕಲೆಬ್ಬಿಸುವುದೆಂದರೆ ಒಂದು ಒಕ್ಕಲಿದೆ. ತೆರವು ಎಂಬಲ್ಲಿ ಇರುವುದು ಜಾಗ ಮಾತ್ರ. ತೆರವಾದದ್ದು ಎಷ್ಟು ಎಕರೆ ಎಂದು ಓದಿದಾಗ, ಎದ್ದು ಹೋದ ಒಕ್ಕಲು ಎಷ್ಟು ಎಂದೂ ಕೇಳಬೇಕಾಗುತ್ತದೆ.